"ಮಿಸ್, ಒಂದಾದ್ರೂ ವಾಪಸ್ ಬಂದಿದ್ಯಾ?"

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಅಳಿವಿನಂಚಿನ ಪ್ರಾಣಿಗಳ ಪಾಠ ಮುಗಿಸಿದ ದಿನ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಎಲ್ಲಾ ಹೋಗ್ತಾನೇ ಇವೆ ಅಂದ್ರಿ, ಒಂದಾದ್ರೂ ವಾಪಸ್ ಬಂದಿದ್ಯಾ?" ಅಂತ ಕೇಳಿದ. ಹುಲಿ ಅಂದೆ. ಇನ್ನೊಂದು ಹೇಳಿ ಅಂದ, ಹೊಳೆಯಲಿಲ್ಲ. ನಿಜವಾಗಿ ಉಳಿದು ಬಂದ ಪ್ರಾಣಿಗಳಿವೆಯಾ? ಝೂಗಳಲ್ಲಿ ಮರಿ ಮಾಡಿಸಿ ಕಾಡಿಗೆ ಬಿಟ್ಟರೆ ಎಲ್ಲವನ್ನೂ ಉಳಿಸಬಹುದಲ್ವಾ, ಯಾಕೆ ಹಾಗೆ ಮಾಡುತ್ತಿಲ್ಲ?

ಉತ್ತರ: ಮೇಡಂ, ಬಂದಿವೆ ಅಂತ ಆ ಹುಡುಗನಿಗೆ ನಾಳೆಯೇ ಹೇಳಿಬಿಡಿ. ಹತ್ತಾರು ಬಂದಿವೆ. ಅವನ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು, ಯಾಕಂದರೆ ನಾವು ಮಕ್ಕಳಿಗೆ ಸತ್ತವುಗಳ ಪಟ್ಟಿಯನ್ನೇ ಓದಿ ಹೇಳುತ್ತೇವೆ, ಬದುಕಿದವುಗಳದ್ದು ಹೇಳುವುದಿಲ್ಲ. ಹಾಗೆ ಕೇಳಿ ಕೇಳಿ ಬೆಳೆದ ಮಗು ಇದೆಲ್ಲ ನಮ್ಮ ಕೈಲಾಗುವ ಕೆಲಸ ಅಲ್ಲ ಅಂದುಕೊಂಡುಬಿಡುತ್ತೆ.

ನಿಮ್ಮ ಎರಡನೇ ಪ್ರಶ್ನೆಗೆ, ಅಂದರೆ ಝೂನಲ್ಲಿ ಮರಿ ಮಾಡಿಸುವ ವಿಚಾರಕ್ಕೆ, ನನ್ನ ಉತ್ತರ ಸ್ವಲ್ಪ ಉದ್ದ ಆಗುತ್ತೆ. ಮರಿ ಹಾಕುವುದು ಪ್ರಾಣಿಗಳಿಗೆ ನಾವು ಕಲಿಸಬೇಕಾದ ವಿದ್ಯೆ ಏನಲ್ಲ. ಅವುಗಳನ್ನು ಯಾವುದೋ ಒಂದು ಕೊಲ್ಲುತ್ತಾ ಇರುತ್ತೆ. ಅದು ಯಾವುದು ಅಂತ ಕರಾರುವಾಕ್ಕಾಗಿ ಕಂಡುಹಿಡಿದು ನಿಲ್ಲಿಸಿದರೆ ಅರ್ಧ ಕೆಲಸ ಮುಗೀತು. ಅದನ್ನು ಹುಡುಕದೆ ಮರಿ ಮಾಡಿಸಿ ಬಿಟ್ಟರೆ ತೂತು ಮಡಕೆಗೆ ನೀರು ಹೊಯ್ದ ಹಾಗೆ. ಈ ಕೊಲ್ಲುವ ವಸ್ತು ಒಂದೊಂದು ಪ್ರಾಣಿಗೆ ಒಂದೊಂದು. ಅದಕ್ಕೇ ಒಂದು ಕಡೆ ಗೆದ್ದ ಉಪಾಯ ಇನ್ನೊಂದು ಕಡೆ ನಡೆಯುವುದಿಲ್ಲ.

ಮೊದಲು ನನಗೆ ತುಂಬಾ ಪ್ರೀತಿಯ ಕಥೆ ಹೇಳುತ್ತೇನೆ, ಇದನ್ನು ಕ್ಲಾಸಿನಲ್ಲಿ ಹೇಳಿ, ಮಕ್ಕಳು ಉಸಿರು ಬಿಗಿ ಹಿಡಿದು ಕೇಳುತ್ತಾರೆ.

ನ್ಯೂಜಿಲೆಂಡಿನಿಂದ ಪೂರ್ವಕ್ಕೆ ಸುಮಾರು 800 ಕಿಲೋಮೀಟರ್ ದೂರ, ಸಮುದ್ರದ ನಡುವೆ, ಚಾಥಮ್ ಅನ್ನುವ ದ್ವೀಪಗಳ ಗುಂಪಿದೆ. ಅಲ್ಲಿ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ ಹಕ್ಕಿ ಬ್ಲ್ಯಾಕ್ ರಾಬಿನ್. ನಮ್ಮ ಗುಬ್ಬಚ್ಚಿ ಗಾತ್ರ, ಮೈಯೆಲ್ಲ ಕಪ್ಪು. ನೆಲದ ಮೇಲೆ ಕುಪ್ಪಳಿಸಿಕೊಂಡು ಎಲೆ ಕೆದಕಿ ಹುಳ ಹೆಕ್ಕಿ ತಿನ್ನುವ ಹಕ್ಕಿ ಇದು. ಮನುಷ್ಯರ ಜೊತೆ ಇಲಿ ಬಂತು, ಬೆಕ್ಕು ಬಂತು, ಕಾಡನ್ನೂ ಕಡಿದರು. ಬೆಕ್ಕನ್ನೇ ನೋಡದೆ ಬೆಳೆದ ಹಕ್ಕಿಗೆ ಅದರಿಂದ ತಪ್ಪಿಸಿಕೊಳ್ಳಬೇಕು ಅಂತ ಹೇಗೆ ಗೊತ್ತಾಗಬೇಕು? ಕೊನೆಗೆ ಲಿಟ್ಲ್ ಮಂಗೇರೆ ಅನ್ನುವ, ಹತ್ತಲೂ ಕಷ್ಟವಾದ ಕಡಿದಾದ ಬಂಡೆಯಂಥ ದ್ವೀಪದ ನೆತ್ತಿಯ ಮೇಲಿನ ಒಂದಿಷ್ಟು ಪೊದೆಗಾಡಿನಲ್ಲಿ ಮಾತ್ರ ಉಳಿದವು. ಆ ಪೊದೆಗಾಡೂ ಒಣಗುತ್ತಾ ಬಂತು. 1976ರಲ್ಲಿ ಎಣಿಸಿದಾಗ ಇದ್ದದ್ದು 7 ಹಕ್ಕಿ. ಅಷ್ಟನ್ನೂ ಹಿಡಿದು ಪಕ್ಕದ ಮಂಗೇರೆ ದ್ವೀಪಕ್ಕೆ ಸಾಗಿಸಿದರು, ಅಲ್ಲಿ ಅವುಗಳಿಗೆಂದೇ ಗಿಡ ನೆಟ್ಟು ಕಾಡು ಬೆಳೆಸುತ್ತಿದ್ದರು. ಆದರೂ 1980ರ ಹೊತ್ತಿಗೆ ಐದಕ್ಕೆ ಇಳಿಯಿತು.

ಐದು, ಮೇಡಂ. ಇಡೀ ಪ್ರಪಂಚದಲ್ಲಿ ಐದು. ಅದರಲ್ಲಿ ಮರಿ ಮಾಡುತ್ತಿದ್ದ ಹೆಣ್ಣು ಒಂದೇ. ಕಾಲಿಗೆ ನೀಲಿ ಬಳೆ ತೊಡಿಸಿದ್ದರಿಂದ ಅದಕ್ಕೆ ಓಲ್ಡ್ ಬ್ಲೂ ಅಂತ ಹೆಸರು ಬಂತು. ಅದರ ಜೋಡಿ ಓಲ್ಡ್ ಯೆಲ್ಲೋ. ಈ ಹಕ್ಕಿಗಳು ಸಾಮಾನ್ಯವಾಗಿ ನಾಲ್ಕೈದು ವರ್ಷ ಬದುಕಿದರೆ ಹೆಚ್ಚು, ಈಕೆಗೆ ಆಗಲೇ ಅದರ ಹತ್ತಿರ ಹತ್ತಿರ ದುಪ್ಪಟ್ಟು ವಯಸ್ಸು.

ಅಲ್ಲಿನ ವನ್ಯಜೀವಿ ಇಲಾಖೆಯ ಡಾನ್ ಮರ್ಟನ್ ಮತ್ತು ಅವರ ತಂಡ ಒಂದು ಲೆಕ್ಕ ಹಾಕಿದರು. ಗೂಡಿನಿಂದ ಮೊಟ್ಟೆ ಕಳೆದುಹೋದರೆ ಈ ಹಕ್ಕಿ ಸುಮ್ಮನೆ ಕೂರುವುದಿಲ್ಲ, ಮತ್ತೆ ಗೂಡು ಕಟ್ಟಿ ಮೊಟ್ಟೆ ಇಡುತ್ತೆ. ಹಾಗಾದರೆ ಮೊದಲ ಮೊಟ್ಟೆಗಳನ್ನು ನಾವೇ ಎತ್ತಿ ಬೇರೆ ಹಕ್ಕಿಯ ಗೂಡಿನಲ್ಲಿಟ್ಟರೆ? ನಮ್ಮ ಹಳ್ಳಿಗಳಲ್ಲಿ ಬಾತಿನ ಮೊಟ್ಟೆಯನ್ನು ಕಾವಿಗೆ ಕೂತ ಕೋಳಿಯ ಕೆಳಗೆ ಇಡುತ್ತಾರಲ್ಲ, ಅದೇ ಉಪಾಯ. ಮೊದಲು ವಾರ್ಬ್ಲರ್ ಅನ್ನುವ ಸಣ್ಣ ಹಕ್ಕಿಯ ಗೂಡಿನಲ್ಲಿಟ್ಟರು. ಮರಿ ಒಡೆದವು, ಆದರೆ ಅವಕ್ಕೆ ಬೇಕಾದಷ್ಟು ಗುಟುಕು ತರಲು ಆ ಪುಟಾಣಿ ಹಕ್ಕಿಗಳ ಕೈಲಾಗಲಿಲ್ಲ. ಆಮೇಲೆ ಇನ್ನೊಂದು ದ್ವೀಪದಲ್ಲಿದ್ದ ಚಾಥಮ್ ಟಿಟ್ ಹಕ್ಕಿಗಳನ್ನು ನೋಡಿದರು. ಮೊಟ್ಟೆಗಳನ್ನು ಬೆಚ್ಚಗಿಟ್ಟುಕೊಂಡು ಸಮುದ್ರ ದಾಟಿಸಿ ಅವುಗಳ ಗೂಡಿಗೆ ಸೇರಿಸಿದರು. ಭೂಮಿಯ ಮೇಲೆ ಆ ಜಾತಿಯದ್ದು ಅಂತ ಉಳಿದಿರುವ ಮೊಟ್ಟೆ ನಿಮ್ಮ ಮಡಿಲಲ್ಲಿದೆ, ದೋಣಿ ಅಲುಗಾಡುತ್ತಿದೆ ಅಂತ ಒಂದು ಸಲ ಊಹಿಸಿಕೊಳ್ಳಿ. ನನಗಂತೂ ಓದುವಾಗಲೇ ಕೈ ನಡುಗಿತ್ತು.

ಟಿಟ್ ಹಕ್ಕಿಗಳು ಸಾಕಿದವು. ಆದರೆ ಹೊಸ ತಾಪತ್ರಯ ಶುರುವಾಯಿತು. ಹಾಗೆ ಬೆಳೆದ ಕೆಲವು ರಾಬಿನ್‌ಗಳು ತಮ್ಮನ್ನು ಟಿಟ್ ಅಂದುಕೊಂಡು ಅವುಗಳ ಜೊತೆಗೇ ಜೋಡಿಯಾಗಲು ನೋಡಿದವು. ಅದಕ್ಕೆ ಮರಿಗಳು ಗೂಡು ಬಿಡುವ ಮೊದಲೇ ಅವನ್ನು ಮತ್ತೆ ರಾಬಿನ್ ಗೂಡಿಗೆ ತಂದು ಸೇರಿಸುವ ಪದ್ಧತಿ ಮಾಡಿಕೊಂಡರು. ಓಲ್ಡ್ ಬ್ಲೂ ಹದಿಮೂರರ ಆಸುಪಾಸಿನವರೆಗೂ ಬದುಕಿತು. 1980ರ ದಶಕ ಮುಗಿಯುವ ಹೊತ್ತಿಗೆ ಹಕ್ಕಿಗಳ ಸಂಖ್ಯೆ ನೂರು ದಾಟಿತು. ಈಗ ಇನ್ನೂರೈವತ್ತರ ಆಸುಪಾಸು ಇವೆ, ಅಷ್ಟೂ ಆ ಒಂದೇ ಜೋಡಿಯ ಸಂತಾನ.

ಕಥೆಯನ್ನು ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಮುಂದಿನ ಭಾಗವನ್ನೂ ಮಕ್ಕಳಿಗೆ ಹೇಳಲೇಬೇಕು. ಕೆಲವು ಹೆಣ್ಣುಗಳು ಮೊಟ್ಟೆಯನ್ನು ಗೂಡಿನ ಬಟ್ಟಲೊಳಗೆ ಇಡದೆ ಅಂಚಿನ ಮೇಲೆ ಇಡತೊಡಗಿದವು. ಅಂಚಿನಲ್ಲಿರುವ ಮೊಟ್ಟೆಗೆ ಕಾವು ಸಿಗುವುದಿಲ್ಲ, ಹಾಳಾಗುತ್ತೆ. ಒಂದೊಂದು ಮೊಟ್ಟೆಯೂ ಚಿನ್ನ ಆಗಿದ್ದ ಕಾಲ ಅದು. ಕಾವಲಿದ್ದವರು ಬೆರಳಿನಿಂದ ಮೆಲ್ಲಗೆ ಅದನ್ನು ಒಳಗೆ ತಳ್ಳಿದರು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಅಂಚಿನಲ್ಲಿ ಇಡುವುದು ತಾಯಿಯಿಂದ ಮಗಳಿಗೆ ರಕ್ತದಲ್ಲೇ ಬರುವ ಗುಣವಾಗಿತ್ತು. ಹಾಗೇ ಬಿಟ್ಟಿದ್ದರೆ ಆ ಮೊಟ್ಟೆಗಳ ಜೊತೆಗೆ ಆ ಗುಣವೂ ಹೋಗುತ್ತಿತ್ತು. ಇವರು ತಳ್ಳಿ ಉಳಿಸಿದ್ದರಿಂದ ಅದು ಹರಡಿತು. 1989ರ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಹೆಣ್ಣುಗಳು ಅಂಚಿನಲ್ಲೇ ಮೊಟ್ಟೆ ಇಡುತ್ತಿದ್ದವು. ಆಗ ತಳ್ಳುವುದನ್ನು ನಿಲ್ಲಿಸಿದರು. ಕಣ್ಣೆದುರಿಗೆ ಮೊಟ್ಟೆ ಹಾಳಾಗುವುದನ್ನು ನೋಡಿಯೂ ಕೈ ಕಟ್ಟಿಕೊಂಡು ನಿಲ್ಲುವುದು ಸಣ್ಣ ಮಾತಲ್ಲ. ಆದರೆ ಹಾಗೆ ನಿಂತಿದ್ದರಿಂದಲೇ ಮುಂದಿನ ವರ್ಷಗಳಲ್ಲಿ ಆ ಚಾಳಿ ಕಡಿಮೆಯಾಗುತ್ತಾ ಬಂತು.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಮೊಟ್ಟೆ ಸಾಗಿಸಿದ್ದು ದೊಡ್ಡ ಸಾಹಸ ನಿಜ, ಆದರೆ ಆ ಮರಿಗಳನ್ನು ಬಿಟ್ಟ ದ್ವೀಪಗಳಲ್ಲಿ ಬೆಕ್ಕೂ ಇರಲಿಲ್ಲ, ಇಲಿಯೂ ಇರಲಿಲ್ಲ. ಅದಿಲ್ಲದಿದ್ದರೆ ಅಷ್ಟೂ ಶ್ರಮ ಬೆಕ್ಕಿನ ಹೊಟ್ಟೆಗೆ ಹೋಗುತ್ತಿತ್ತು.

ಈಗ ನಮ್ಮ ರಣಹದ್ದಿನ ವಿಚಾರಕ್ಕೆ ಬನ್ನಿ, ನಿಮ್ಮ ಝೂ ಪ್ರಶ್ನೆಗೆ ಇದಕ್ಕಿಂತ ಸರಿಯಾದ ಉದಾಹರಣೆ ಇಲ್ಲ. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಊರಾಚೆ ದನ ಸತ್ತು ಬಿದ್ದರೆ ಹದ್ದುಗಳ ಹಿಂಡು ಇಳಿದು ಗಂಟೆಗಳಲ್ಲಿ ಮೂಳೆ ಬಿಟ್ಟು ಎಲ್ಲ ಖಾಲಿ ಮಾಡುತ್ತಿದ್ದುದನ್ನು ಅವರು ಹೇಳುತ್ತಾರೆ. 1990ರ ದಶಕದಲ್ಲಿ ಅವು ಮಾಯವಾಗತೊಡಗಿದವು. ಬಿಳಿ ಬೆನ್ನಿನ ರಣಹದ್ದು ಭಾರತದಲ್ಲಿ 1992ರಿಂದ 2007ರೊಳಗೆ ನೂರಕ್ಕೆ 99.9ರಷ್ಟು ಇಲ್ಲವಾಯಿತು. ಸಾವಿರ ಇದ್ದ ಕಡೆ ಒಂದು. ಎಲ್ಲರೂ ಯಾವುದೋ ರೋಗ, ವೈರಸ್ಸು ಅಂತಲೇ ಹುಡುಕಿದರು. ಸತ್ತ ಹದ್ದುಗಳನ್ನು ಕೊಯ್ದು ನೋಡಿದರೆ ಒಳಗೆ ಲಿವರ್ರು, ಹೃದಯದ ಮೇಲೆಲ್ಲ ಬಿಳಿ ಸುಣ್ಣ ಬಳಿದ ಹಾಗಿತ್ತು. ಅದು ಕಿಡ್ನಿ ಕೆಟ್ಟು ಮೈಯಲ್ಲೇ ಉಳಿದ ಯೂರಿಕ್ ಆಸಿಡ್. ಕಿಡ್ನಿ ಕೆಡಿಸಿದ್ದು ಯಾವುದು? ಪಾಕಿಸ್ತಾನದಲ್ಲಿ ಲಿಂಡ್ಸೆ ಓಕ್ಸ್ ಅವರ ತಂಡ ಹುಡುಕಿ ತೆಗೆದು 2004ರಲ್ಲಿ ಪ್ರಕಟಿಸಿತು: ಡೈಕ್ಲೋಫಿನಾಕ್. ನಾವು ಮಂಡಿ ನೋವಿಗೆ ನುಂಗುವ ಮಾತ್ರೆಯ ಔಷಧಿಯೇ. ನೋವು, ಊತ ಅಂತ ದನಕ್ಕೆ ಅದರ ಇಂಜೆಕ್ಷನ್ ಕೊಡುತ್ತಿದ್ದರು. ದನ ಸತ್ತರೆ ಅದರ ಮಾಂಸ ತಿಂದ ಹದ್ದೂ ಸಾಯುತ್ತಿತ್ತು. ಲೆಕ್ಕ ಹಾಕಿ ನೋಡಿದರೆ, ನೂರು ಹೆಣದಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಈ ವಿಷ ಇದ್ದರೂ ಇಡೀ ಸಂತತಿ ಕುಸಿಯಲು ಸಾಕಾಗಿತ್ತು, ಯಾಕಂದರೆ ಒಂದು ಹೆಣಕ್ಕೆ ಹತ್ತಾರು ಹದ್ದು ಒಟ್ಟಿಗೆ ಕೂರುತ್ತವೆ.

ಹರಿಯಾಣದ ಪಿಂಜೋರಿನಲ್ಲಿ ಹದ್ದುಗಳನ್ನು ಸಾಕಿ ಮರಿ ಮಾಡಿಸುವ ಕೇಂದ್ರ ಇದೆ, ಒಳ್ಳೆಯ ಕೆಲಸ ನಡೆದಿದೆ. ಆದರೆ ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುವುದು. ಹೊರಗೆ ವಿಷ ಇರುವಾಗ ಆ ಮರಿಗಳನ್ನು ಬಿಡುವುದು ಹೇಗೆ? ಅದಕ್ಕೇ ನಿಜವಾದ ಕೆಲಸ ಔಷಧಿ ಅಂಗಡಿಯಲ್ಲಿ ಆಗಬೇಕಿತ್ತು. ಭಾರತ 2006ರಲ್ಲಿ ದನಗಳಿಗೆ ಡೈಕ್ಲೋಫಿನಾಕ್ ಕೊಡುವುದನ್ನು ನಿಷೇಧಿಸಿತು. ಜನ ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿ ತಂದು ದನಕ್ಕೆ ಚುಚ್ಚುವುದು ಮುಂದುವರಿಯಿತು, ಆಗ 2015ರಲ್ಲಿ ಆ ಬಾಟಲಿಯನ್ನೇ 3 ಎಂ.ಎಲ್.ಗೆ ಇಳಿಸಿದರು. ಅದೇ ಥರದ ಹಾನಿ ಮಾಡುವ ಕೀಟೋಪ್ರೊಫೆನ್, ಅಸಿಕ್ಲೋಫಿನಾಕ್ ಕೂಡ 2023ರಲ್ಲಿ ದನಗಳಿಗೆ ನಿಷೇಧವಾದವು. ಮೆಲಾಕ್ಸಿಕಾಮ್ ಅನ್ನುವ ಔಷಧಿಯಿಂದ ದನಕ್ಕೂ ನೋವು ಹೋಗುತ್ತೆ, ಹದ್ದಿಗೂ ಏನೂ ಆಗುವುದಿಲ್ಲ. ನಿಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ಹಸು ಇರುವ ಮಕ್ಕಳಿದ್ದರೆ ಈ ಹೆಸರನ್ನು ಬೋರ್ಡಿನ ಮೇಲೆ ಬರೆದು ತೋರಿಸಿ. ಈಗ ಕುಸಿತ ನಿಧಾನವಾಗಿದೆ, ನೇಪಾಳದಲ್ಲಿ ಹದ್ದುಗಳು ಚೇತರಿಸಿಕೊಳ್ಳುತ್ತಿವೆ. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸಿದ್ದಾರೆ, ಅಲ್ಲಿ ಬಂಡೆಯ ಸಂದಿನಲ್ಲಿ ಗೂಡು ಕಟ್ಟುವ ಬೆರಳೆಣಿಕೆಯ ಹದ್ದುಗಳ ಭವಿಷ್ಯ ಸುತ್ತಲಿನ ಊರುಗಳ ದನದ ಡಾಕ್ಟರ ಬ್ಯಾಗಿನಲ್ಲಿದೆ. ಇದನ್ನು ಗೆಲುವು ಅಂತ ನಾನು ಇನ್ನೂ ಕರೆಯುವುದಿಲ್ಲ. ಸರಿದಾರಿಗೆ ಬಂದಿದ್ದೇವೆ, ಅಷ್ಟೇ.

ಕೊಲ್ಲುವುದು ಬೆಕ್ಕಾಗಬಹುದು, ಔಷಧಿಯಾಗಬಹುದು ಅಂದೆ. ಒಂದೊಂದು ಸಲ ಅದು ಬರೀ ಅಸಹ್ಯ ಆಗಿರುತ್ತೆ. ಅಸ್ಸಾಮಿನಲ್ಲಿ ಹರ್ಗಿಲಾ ಅನ್ನುವ ಹಕ್ಕಿ ಇದೆ. ಕೊಕ್ಕರೆ ಜಾತಿಯದ್ದು, ಐದಡಿ ಎತ್ತರ, ಬೋಳು ತಲೆ, ಕುತ್ತಿಗೆಯಲ್ಲಿ ಜೋತು ಬಿದ್ದ ಚೀಲ. ಹೆಸರಿನ ಅರ್ಥವೇ ಮೂಳೆ ನುಂಗುವುದು ಅಂತ. ಕಸದ ರಾಶಿಯಿಂದ ಕೊಳೆತ ಮಾಂಸ, ಮೂಳೆ ತಂದು ಮರಿಗೆ ಉಣಿಸುತ್ತೆ, ಅದೂ ಜನರ ಹಿತ್ತಿಲ ಮರದ ಮೇಲೆ ಕೂತು. ಕೆಳಗೆ ಹಿಕ್ಕೆ, ಮೇಲಿಂದ ಬೀಳುವ ಮೂಳೆ, ತಡೆಯಲಾಗದ ನಾತ. ಮನೆಯವರು ಮರವನ್ನೇ ಕಡಿದುಬಿಡುತ್ತಿದ್ದರು. ಪೂರ್ಣಿಮಾ ದೇವಿ ಬರ್ಮನ್ ಆಗ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ. ಗುವಾಹಟಿ ಹತ್ತಿರದ ದಾದರಾ ಊರಿನಲ್ಲಿ ಗೂಡುಗಳಿದ್ದ ಮರವೊಂದನ್ನು ಕಡಿದು ಮರಿಗಳು ನೆಲಕ್ಕೆ ಬಿದ್ದದ್ದನ್ನು ನೋಡಿದರು. ಪ್ರಶ್ನಿಸಿದರೆ ಊರವರು ನಕ್ಕರು.

ಅವರು ಪಿಎಚ್.ಡಿ. ಕೆಲಸವನ್ನು ಬದಿಗಿಟ್ಟು ಊರಿನ ಹೆಂಗಸರ ಹತ್ತಿರ ಹೋದರು. ಅಡುಗೆ ಸ್ಪರ್ಧೆ ಏರ್ಪಡಿಸಿದರು, ಭಜನೆಗೆ, ಪೂಜೆಗೆ ಹೋಗಿ ಕೂತರು. ಗೂಡು ಕಟ್ಟುವ ಕಾಲದಲ್ಲಿ ಹಕ್ಕಿಗಳಿಗೆ ಸೀಮಂತ ಮಾಡಿಸಿದರು. ನಿಜವಾಗಿ, ಬಸುರಿ ಹೆಣ್ಣಿಗೆ ಮಾಡುವ ಶಾಸ್ತ್ರವನ್ನೇ, ಹಾಡು ಹೇಳಿಕೊಂಡು. ಮರದಿಂದ ಬೀಳುವ ಮರಿಗಳಿಗೆ ಕೆಳಗೆ ಬಲೆ ಕಟ್ಟಿದರು. ಹೆಂಗಸರು ಮಗ್ಗದಲ್ಲಿ ತಾವು ಉಡುವ ಮೇಖೇಲಾ ಚಾದರದ ಮೇಲೆ ಹರ್ಗಿಲಾ ಚಿತ್ರ ನೇಯ್ದು ಮಾರತೊಡಗಿದರು, ನಾಲ್ಕು ಕಾಸು ಕೈಗೆ ಬಂತು, ಸಾವಿರಾರು ಹೆಂಗಸರು ಸೇರಿ ಅದು ಹರ್ಗಿಲಾ ಸೇನೆ ಆಯಿತು. ಆ ಊರುಗಳಲ್ಲಿ ಮೂವತ್ತರ ಒಳಗಿದ್ದ ಗೂಡುಗಳು ಇನ್ನೂರೈವತ್ತು ದಾಟಿದವು. 2022ರಲ್ಲಿ ವಿಶ್ವಸಂಸ್ಥೆ ಅವರಿಗೆ ಪರಿಸರದ ದೊಡ್ಡ ಗೌರವ ಕೊಟ್ಟಿತು. ಇಲ್ಲಿ ಝೂ ಇಲ್ಲ, ಬೇಲಿ ಇಲ್ಲ. ಬದಲಾಗಿದ್ದು ಮರದ ಕೆಳಗೆ ಇರುವವರ ಮನಸ್ಸು.

ಇದನ್ನು ಓದಿದಾಗ ನಿಮಗೆ ನಮ್ಮ ಕೊಕ್ಕರೆ ಬೆಳ್ಳೂರು ನೆನಪಾಗಿರಬೇಕು. ಮದ್ದೂರು ತಾಲ್ಲೂಕಿನ ಈ ಊರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಬೀದಿಯ ಹುಣಸೆ ಮರ, ಅತ್ತಿ ಮರಗಳ ಮೇಲೆ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಊರಿನವರು ಅವನ್ನು ಕರೆಯುವುದು. ನಾನು ಮೊದಲ ಸಲ ಹೋದಾಗ ಒಂದು ಮನೆಯ ಜಗುಲಿಯ ಮೇಲೆ ಕೂತಿದ್ದೆ, ಮೇಲಿಂದ ಅರ್ಧ ನುಂಗಿದ ಮೀನೊಂದು ದೊಪ್ ಅಂತ ಅಂಗಳಕ್ಕೆ ಬಿತ್ತು. ಮನೆಯ ಅಜ್ಜಿ ತಲೆ ಎತ್ತಿ ಕೂಡ ನೋಡಲಿಲ್ಲ, ಪೊರಕೆಯಲ್ಲಿ ಅದನ್ನು ಮರದ ಬುಡಕ್ಕೆ ತಳ್ಳಿ ರಾಗಿ ಕೇರುವುದನ್ನು ಮುಂದುವರಿಸಿದರು. ಆ ಹಿಕ್ಕೆಯನ್ನೇ ಗೊಬ್ಬರಕ್ಕೆ ಬಳಸುವ ರೂಢಿ ಅಲ್ಲಿತ್ತು. ಆದರೆ ಪ್ರೀತಿಯೊಂದೇ ಸಾಲದು. ಹುಣಸೆ ಕಾಯಿ ಬಿಡುವ ಕಾಲವೂ ಹಕ್ಕಿ ಮರಿ ಮಾಡುವ ಕಾಲವೂ ಒಂದೇ, ಕಾಯಿ ಬಡಿದರೆ ಗೂಡು ಹಾಳು, ಬಡಿಯದಿದ್ದರೆ ಮರದ ಯಜಮಾನನಿಗೆ ನಷ್ಟ. ಅದಕ್ಕೆ ಅರಣ್ಯ ಇಲಾಖೆ ಮರಕ್ಕಿಷ್ಟು ಅಂತ ಹಣ ಕೊಡುವ ಪದ್ಧತಿ ತಂದಿತು. 1990ರ ದಶಕದಲ್ಲಿ ಊರಿನ ಹುಡುಗರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಮೀನು ತಿನ್ನಿಸಿ ಸಾಕಿ ಬಿಡತೊಡಗಿದರು. ಹಣ ತಡವಾದರೆ, ಸುತ್ತಲಿನ ಕೆರೆ ಒಣಗಿದರೆ, ಅಲ್ಲೂ ಕಷ್ಟ ಇದ್ದೇ ಇದೆ.

ಝೂ ಥರದ ಸಾಕಣೆಯೇ ಕೈ ಹಿಡಿದ ಉದಾಹರಣೆ ಬೇಕು ಅಂದರೆ ಅಸ್ಸಾಮಿನ ಕುಳ್ಳ ಹಂದಿ ಇದೆ. ನಿಂತರೆ ಒಂದು ಗೇಣಿಗಿಂತ ಸ್ವಲ್ಪ ಎತ್ತರ, ಎಂಟೊಂಬತ್ತು ಕಿಲೋ ತೂಕ. ಅಳಿದೇ ಹೋಯಿತು ಅಂದುಕೊಂಡಿದ್ದು 1971ರಲ್ಲಿ ಮತ್ತೆ ಸಿಕ್ಕಿತು. 1996ರಲ್ಲಿ ಮಾನಸ್ ಕಾಡಿನಿಂದ ಆರನ್ನು ಹಿಡಿದು ಗುವಾಹಟಿಯಲ್ಲಿ ಸಾಕಿದರು, 2008ರಿಂದ ಕಾಡಿಗೆ ಬಿಡುತ್ತಾ ಬಂದಿದ್ದಾರೆ. ಅಲ್ಲೂ ಬಿಡುವ ಮೊದಲು ನೋಡಿದ್ದು ಹುಲ್ಲನ್ನು. ಎತ್ತರದ ಹುಲ್ಲಿಗೆ ವರ್ಷ ವರ್ಷ ಬೆಂಕಿ ಹಾಕುವುದು ನಿಲ್ಲದಿದ್ದರೆ ಇದಕ್ಕೆ ಬಾಳು ಇಲ್ಲ.

ಹುಲಿ ವಿಚಾರ ನಿಮಗೆ ಗೊತ್ತೇ ಇದೆ, ಚುಟುಕಾಗಿ ಹೇಳುತ್ತೇನೆ. ಕರ್ನಾಟಕದಲ್ಲಿ 2006ರ ಗಣತಿಯಲ್ಲಿ 290 ಇದ್ದದ್ದು 2022ರ ಗಣತಿಯಲ್ಲಿ 563. ಒಂದೂ ಝೂನಿಂದ ತಂದು ಬಿಟ್ಟದ್ದಲ್ಲ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಬೇಟೆ ಬೇಕು. ಅಷ್ಟು ತಿಂದರೂ ಮಂದೆ ಕರಗಬಾರದು ಅಂದರೆ ಅದರ ಪಾಲಿಗೆ ಸುಮಾರು 500 ಜಿಂಕೆ, ಕಡವೆ, ಕಾಟಿ ಇರಬೇಕು. ನಾಗರಹೊಳೆ, ಬಂಡೀಪುರದಲ್ಲಿ ಕಳ್ಳಬೇಟೆ ಹಿಡಿತಕ್ಕೆ ಬಂದು ಜಿಂಕೆ ಹೆಚ್ಚಿದವು, ಹಿಂದೆಯೇ ಹುಲಿಯೂ ಹೆಚ್ಚಿತು. ಇದರ ಬೆಲೆಯನ್ನು ಕಾಡು ಬಿಟ್ಟು ಹೊರಬಂದ ಜೇನುಕುರುಬರಂಥ ಆದಿವಾಸಿಗಳು ತೆತ್ತರು ಅನ್ನುವುದನ್ನೂ ಮಕ್ಕಳಿಗೆ ಮುಚ್ಚಿಡಬೇಡಿ.

ಕಾರಣ ತಪ್ಪಾಗಿ ಹಿಡಿದರೆ ಏನಾಗುತ್ತೆ ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ, ರಾಣೆಬೆನ್ನೂರು ಇದೆ. 1974ರಲ್ಲಿ ಅಲ್ಲಿ ಕೃಷ್ಣಮೃಗ ಧಾಮ ಆಯಿತು. ಕೃಷ್ಣಮೃಗ ಚೆನ್ನಾಗಿ ಹೆಚ್ಚಿದವು, ಅದು ಗೆಲುವೇ. ಆದರೆ ಅದೇ ಬಯಲಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್, ನಮ್ಮ ಎರ್ಲಡ್ಡು ಹಕ್ಕಿ ಕೂಡ ಇತ್ತು. ಖಾಲಿ ಹುಲ್ಲುಗಾವಲು ಅಂದರೆ ಪಾಳು ಭೂಮಿ ಅನ್ನುವ ಭಾವನೆಯಿಂದ ಅಲ್ಲಿ ನೀಲಗಿರಿ ನೆಟ್ಟಿದ್ದರು. ಕೃಷ್ಣಮೃಗಕ್ಕೆ ಮರದ ಮರೆ ಇದ್ದರೂ ನಡೆಯಿತು. ಎರ್ಲಡ್ಡುವಿಗೆ ದೂರದವರೆಗೆ ಕಣ್ಣು ಹಾಯಬೇಕು, ಬಯಲೇ ಅದರ ಮನೆ. ಅದು ಅಲ್ಲಿಂದ ಹೋಯಿತು, ಮತ್ತೆ ಬರಲಿಲ್ಲ. ಬೇಟೆಯನ್ನು ತಡೆದರು, ಮರವನ್ನೂ ನೆಟ್ಟರು, ಎರಡನ್ನೂ ಒಳ್ಳೆಯದಕ್ಕೇ ಮಾಡಿದ್ದು. ಆ ಬಯಲನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ ಆಗುತ್ತೆ.

ಹಾಗಾಗಿ ಮೇಡಂ, ಆ ಹುಡುಗ ಇನ್ನೊಂದು ಹೆಸರು ಕೇಳಿದರೆ ಓಲ್ಡ್ ಬ್ಲೂ ಕಥೆ ಹೇಳಿ, ಅಂಚಿನ ಮೊಟ್ಟೆಯನ್ನೂ ಸೇರಿಸಿ. ಸಾಧ್ಯವಾದರೆ ಜನವರಿ, ಫೆಬ್ರವರಿಯಲ್ಲಿ ಇಡೀ ಕ್ಲಾಸನ್ನು ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋಗಿ, ಆಗ ಗೂಡಿನಲ್ಲಿ ಮರಿ ಇರುತ್ತವೆ. ಬೆಳಿಗ್ಗೆ ಬೇಗ ತಲುಪಿ, ಮರದ ಕೆಳಗೆ ಗಲಾಟೆ ಮಾಡಬೇಡಿ, ಟೋಪಿ ಇರಲಿ. ಒಬ್ಬೊಬ್ಬರಿಗೆ ಒಂದೊಂದು ಮರ ಹಂಚಿ ಗೂಡು ಎಣಿಸಲು ಹೇಳಿ, ಬರೆದಿಟ್ಟುಕೊಳ್ಳಲಿ. ಆಮೇಲೆ ಆ ಮರದ ಮನೆಯವರನ್ನು ಮಾತಾಡಿಸಿ, ಹೋದ ವರ್ಷ ಎಷ್ಟು ಗೂಡಿತ್ತು, ಹುಣಸೆ ದುಡ್ಡು ಬಂತಾ, ಕೆರೆಯಲ್ಲಿ ನೀರು ಎಲ್ಲಿವರೆಗೆ ಇತ್ತು ಅಂತ ಕೇಳಲಿ. ಮುಂದಿನ ವರ್ಷದ ಕ್ಲಾಸಿನವರು ಅದೇ ಪುಸ್ತಕ ಹಿಡಿದು ಅದೇ ಮರಗಳ ಹತ್ತಿರ ಹೋಗಲಿ.